ನಮ್ಮದೂ ಒಂದು ಹಾಕ್ಬಿಡ್ರಿ

ಮುದ್ದಾಪುರದ ಪುರಸಭೆಯಲ್ಲಿ ಸಂಜೆ ಆರಕ್ಕೆ ನಾಗರಿಕರ ಸಭೆ ಶುರುವಾದಾಗ ಸಭಾಂಗಣದಲ್ಲಿ ಮನುಷ್ಯರು ಅಂತ ಇದ್ದವರು ಇಬ್ಬರೇ. ಒಬ್ಬರು ಅಧ್ಯಕ್ಷೆ ರೇಣುಕಮ್ಮ, ಇನ್ನೊಬ್ಬ ಅವರಿಗೆ ಟೀ ತಂದುಕೊಡುವ ಜವಾನ. ಗೋಡೆಯ ಮೇಲಿನ ಫಲಕ ಮಾತ್ರ ಹಾಜರಿ ನೂರಕ್ಕೆ ನೂರು ಎಂದು ಹಸಿರು ಅಕ್ಷರಗಳಲ್ಲಿ ಬೆಳಗುತ್ತಿತ್ತು. ಅಧ್ಯಕ್ಷೆ ನಿರ್ಣಯ ಓದಿದರು. "ಒಪ್ಪಿಗೆಯೇ?" ಎಂದು ಖಾಲಿ ಕುರ್ಚಿಗಳನ್ನು ಕೇಳಿದರು. ಫಲಕದ ಮೇಲೆ ನಾಲ್ಕು ಸಾವಿರ ಚಿಲ್ಲರೆ ಕೈಗಳು ಒಂದೇ ಸಲಕ್ಕೆ ಎದ್ದವು. ಟೀ ಆರುವುದರೊಳಗೆ ಸಭೆ ಮುಗಿದಿತ್ತು.

ಅದೇ ಹೊತ್ತಿಗೆ ಹಳೇಪೇಟೆಯ ತಮ್ಮ ಮನೆಯಲ್ಲಿ ಹಾಲೇಶಪ್ಪ ಮೇಷ್ಟ್ರು ಕಾಲಿನ ಉಗುರು ಕತ್ತರಿಸಿಕೊಳ್ಳುತ್ತ, ದೀಪ ಹಚ್ಚುವ ಹೊತ್ತಿನಲ್ಲಿ ಇದೆಂಥ ಕೆಲಸ ಎಂದು ಹೆಂಡತಿ ಶೈಲಾ ಅವರಿಂದ ಬೈಸಿಕೊಳ್ಳುತ್ತಿದ್ದರು. ನಡುಮನೆಯ ಗೋಡೆಗೆ ನೇತುಹಾಕಿದ್ದ, ಪಾವಿನಷ್ಟು ದಪ್ಪದ ಡಬ್ಬಿಯೊಂದು ಮೆಲ್ಲಗೆ ಕೆಮ್ಮಿ, ಥೇಟು ಅವರದೇ ದನಿಯಲ್ಲಿ, "ಸಭೆಗೆ ಹೋಗಿ ಬಂದೆ. ಎಲ್ಲಾ ಸಸೂತ್ರ ಆತು" ಎಂದಿತು.

"ಏನಾತಂತೆ?" ಎಂದರು ಶೈಲಾ.

"ಸಸೂತ್ರ ಆತಂತೆ" ಎಂದು ಹಾಲೇಶಪ್ಪ ಇನ್ನೊಂದು ಕಾಲು ಚಾಚಿದರು.

ಆ ಡಬ್ಬಿಯ ಸರ್ಕಾರಿ ಹೆಸರು ನಾಗರಿಕ ಪ್ರತಿನಿಧಿ ಯಂತ್ರ. ಊರಿನವರ ಬಾಯಲ್ಲಿ ಅದು ಬದ್ಲಿ. ಹಿಂದೆ ಈ ಸೀಮೆಯಲ್ಲಿ ಹತ್ತಿ ಗಿರಣಿಗಳಿದ್ದಾಗ ಕಾಯಂ ಕೆಲಸಗಾರ ಬಾರದ ದಿನ ಅವನ ಜಾಗದಲ್ಲಿ ನಿಂತು ದುಡಿಯುವವನನ್ನು ಬದ್ಲಿ ಎನ್ನುತ್ತಿದ್ದರು. ಗಿರಣಿಗಳು ಮುಚ್ಚಿ ಮೊಮ್ಮಕ್ಕಳ ಕಾಲ ಬಂದಿದ್ದರೂ ಮಾತು ಉಳಿದಿತ್ತು, ಸರಿಯಾದ ಯಂತ್ರ ಬಂದ ಕೂಡಲೇ ಹೋಗಿ ಅಂಟಿಕೊಂಡಿತು.

ಯಂತ್ರ ಬಂದದ್ದಕ್ಕೂ ಒಂದು ಕಾರಣವಿತ್ತು. ಊರಿನ ಯಾವ ತೀರ್ಮಾನವೇ ಆಗಲಿ, ನಾಗರಿಕರ ಸಭೆಯಲ್ಲಿ ಕೈ ಎತ್ತಿಯೇ ಆಗಬೇಕೆಂಬ ಕಾನೂನು ಹತ್ತು ವರ್ಷದ ಹಿಂದೆ ಜಾರಿಗೆ ಬಂದಾಗ ಜನ ಹಬ್ಬ ಮಾಡಿದ್ದರು. ಮೊದಲ ಸಭೆಗೆ ಕೇಸರಿಬಾತು ಇದ್ದುದರಿಂದ ಕಾಲಿಡಲು ಜಾಗವಿರಲಿಲ್ಲ. ಎರಡನೆಯದಕ್ಕೆ ಬರೀ ಟೀ, ಹಾಗಾಗಿ ನಲವತ್ತು ಜನ. ವರ್ಷ ತುಂಬುವುದರೊಳಗೆ ಸಭೆಗೆ ತಪ್ಪದೆ ಬರುತ್ತಿದ್ದದ್ದು ಒಂದು ಕಂದು ನಾಯಿ, ಅದೂ ಫ್ಯಾನಿನ ಗಾಳಿಗೆ. ಆಗ ಇದೇ ಊರಿನಲ್ಲಿ ಓದಿ ದೊಡ್ಡ ವಿಜ್ಞಾನಿಯಾಗಿದ್ದ ಡಾ. ಧಾತ್ರಿ ಈ ಬದ್ಲಿಯನ್ನು ಮಾಡಿದಳು. ಅದು ಆರು ತಿಂಗಳು ಮನೆಯ ಗೋಡೆಯ ಮೇಲೆ ಕೂತು ಮನೆಯವರ ಮಾತು ಕೇಳುತ್ತದೆ. ಯಾವುದಕ್ಕೆ ನಕ್ಕರು, ಯಾವುದಕ್ಕೆ ಲೊಚಗುಟ್ಟಿದರು, ಯಾವುದನ್ನು ಅರ್ಧಕ್ಕೆ ಬಿಟ್ಟು ಎದ್ದುಹೋದರು, ಎಲ್ಲವನ್ನೂ ಕೂಡಿಸಿ ಅವರ ಮನಸ್ಸಿನ ಒಂದು ನಕಲು ತಯಾರಿಸಿಕೊಳ್ಳುತ್ತದೆ. ಆಮೇಲೆ ಅವರಿಗೆ ಬೇಕಾದದ್ದನ್ನು ಸಭೆಯ ಮುಂದೆ ನಿರ್ಣಯವಾಗಿ ಇಡುತ್ತದೆ, ಅವರು ಎತ್ತುತ್ತಿದ್ದ ಕಡೆಗೇ ಅವರ ಬದಲಿಗೆ ಕೈ ಎತ್ತುತ್ತದೆ. ಯಾರ ಹುಕುಮನ್ನೂ, ಮನೆಯ ಯಜಮಾನನ ಹುಕುಮನ್ನು ಸಹ, ಕೇಳುವುದಿಲ್ಲ. ಕೇಳುವಂತಿದ್ದರೆ ಚುನಾವಣೆಗೆ ಸೀರೆ ಹಂಚಿದಂತೆ ಬದ್ಲಿಗೂ ಏನಾದರೂ ಹಂಚುತ್ತಾರೆಂದು ಧಾತ್ರಿಗೆ ಗೊತ್ತಿತ್ತು. ಖುದ್ದಾಗಿ ಸಭೆಗೆ ಬಂದವರ ಬದ್ಲಿ ಮಾತ್ರ ಆ ದಿನ ಸುಮ್ಮನಿರಬೇಕು, ಅಷ್ಟೇ ನಿಯಮ. ಖುದ್ದಾಗಿ ಯಾರೂ ಬರಲಿಲ್ಲ. ಮುದ್ದಾಪುರಕ್ಕೆ ನೂರಕ್ಕೆ ನೂರು ಹಾಜರಿಯ ರಾಜ್ಯ ಪ್ರಶಸ್ತಿ ಬಂತು, ಅದನ್ನು ಇಸಿದುಕೊಳ್ಳಲು ಮಾತ್ರ ಊರಿನಿಂದ ಎರಡು ಬಸ್ಸು ಜನ ಹೋದರು.

ಹಾಲೇಶಪ್ಪ ಸರ್ಕಾರಿ ಹೈಸ್ಕೂಲಿನಲ್ಲಿ ಪೀಟಿ ಮೇಷ್ಟ್ರಾಗಿದ್ದು ನಿವೃತ್ತರಾದವರು. ಊರಿನ ಅರ್ಧ ಜನ ಅವರ ಸೀಟಿಗೆ ಓಡಿದವರೇ. ನಿವೃತ್ತಿಯ ಮೇಲೆ ಅವರು ಕೈಗೆತ್ತಿಕೊಂಡ ಕೆಲಸ ಮದುವೆಗೆ ಹೋಗುವುದು. ಮದುವೆ, ಗೃಹಪ್ರವೇಶ, ಸೀಮಂತ, ತೊಟ್ಟಿಲು, ತಿಥಿ, ಯಾವುದನ್ನೂ ಬಿಟ್ಟವರಲ್ಲ. ಊಟದ ಆಸೆಗೆ ಎಂದು ಶೈಲಾ ಹಂಗಿಸುತ್ತಿದ್ದರು, ಅದು ಅರ್ಧ ನಿಜ. ಜನರ ನಡುವೆ ಕೂತರೆ ಅವರಿಗೆ ಜೀವ ಬಂದಂತಾಗುತ್ತಿತ್ತು ಎನ್ನುವುದು ಇನ್ನರ್ಧ.

ಅವರು ಹೋಗುತ್ತಾರೆ ಎಂದು ಗೊತ್ತಾದ ಮೇಲೆ ಉಳಿದವರು ಹೋಗುವುದನ್ನು ಬಿಟ್ಟರು. ಮುಯ್ಯಿ ಎಂದರೆ ನಮ್ಮ ಕಡೆ ಸಾಮಾನ್ಯದ ಸಂಗತಿಯಲ್ಲ. ನಿಮ್ಮ ಮಗಳ ಮದುವೆಗೆ ಅವರು ಮಾಡಿದ್ದನ್ನು ಅವರ ಮಗನ ಮದುವೆಗೆ ನೀವು ತೀರಿಸಲೇಬೇಕು, ಇಲ್ಲವಾದರೆ ಸಾಯುವ ತನಕ ಆಡಿಕೊಳ್ಳುತ್ತಾರೆ. ಆದರೆ ಬಿಸಿಲಲ್ಲಿ ಹೊರಟು, ಸೀರೆ ಉಟ್ಟು, ಮಂಟಪದ ಮುಂದೆ ಸಾಲು ನಿಲ್ಲಲು ಯಾರಿಗೆ ಪುರಸೊತ್ತು? ಹೋಗುವವರೊಬ್ಬರು ಸಿಕ್ಕರೆ ಸಾಕು, ಹೆಸರು ಬರೆದ ಕವರನ್ನು ಅವರ ಕೈಗೆ ತುರುಕಿ, "ನಮ್ಮದೂ ಒಂದು ಹಾಕ್ಬಿಡ್ರಿ" ಎಂದರೆ ಮುಗಿಯಿತು. ಹಾಲೇಶಪ್ಪನವರ ಜುಬ್ಬದ ಜೇಬು ಮದುವೆ ತಿಂಗಳುಗಳಲ್ಲಿ ಅಂಚೆಪೆಟ್ಟಿಗೆಯಂತಿರುತ್ತಿತ್ತು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎನ್ನುವುದು ಸುಳ್ಳಲ್ಲ. ಆದರೂ ಅವರು ಗೊಣಗಲಿಲ್ಲ, ಯಾರ ಕವರನ್ನೂ ಬಿಚ್ಚಲಿಲ್ಲ, ಒಳಗೆ ಎಷ್ಟಿರಬಹುದೆಂದು ಒಂದನ್ನೂ ದೀಪಕ್ಕೆ ಹಿಡಿದು ನೋಡಲಿಲ್ಲ. ಅದಕ್ಕೇ ಜನ ಅವರಿಗೇ ಕೊಡುತ್ತಿದ್ದರು.

ಇತ್ತೀಚೆಗೆ ಊರು ಸುಧಾರಿಸುತ್ತಿದೆ ಎಂದು ಹಾಲೇಶಪ್ಪನವರಿಗೆ ಅನಿಸತೊಡಗಿತ್ತು. ಮಧ್ಯಾಹ್ನ ಅವರು ಮಲಗುವ ಎರಡರಿಂದ ನಾಲ್ಕರ ತನಕ ತರಕಾರಿ ಗಾಡಿಗಳು ಮೈಕಿನಲ್ಲಿ ಕೂಗಬಾರದೆಂದು ಸಭೆ ನಿರ್ಣಯ ಮಾಡಿತು. ಕಲ್ಯಾಣ ಮಂಟಪಗಳಲ್ಲಿ ಹೋಳಿಗೆಯನ್ನು ಎರಡನೇ ಸಲ ಕೇಳದೆಯೇ ಬಡಿಸತಕ್ಕದ್ದು ಎಂದು ಇನ್ನೊಂದು ನಿರ್ಣಯ ಬಂತು. ಕೊನೆಗೆ, ಊರಿನ ಎಲ್ಲ ಸಾಲುಗಳಲ್ಲಿ ಜನ ಎತ್ತರದ ಪ್ರಕಾರ, ಗಿಡ್ಡನೆಯವರು ಮುಂದೆ, ಉದ್ದನೆಯವರು ಹಿಂದೆ, ಬೆನ್ನು ನೆಟ್ಟಗೆ ಮಾಡಿ ನಿಲ್ಲಬೇಕು ಎಂಬ ನಿರ್ಣಯ ಬಂದಾಗ ಅವರಿಗೆ ಕಣ್ಣು ತುಂಬಿಬಂದಿತು. ತಾವು ಕಲಿಸಿದ ಶಿಸ್ತು ಕೊನೆಗೂ ಊರಿಗೆ ಹತ್ತಿತಲ್ಲ ಎಂದುಕೊಂಡರು.

ಹಾಲಿನ ಬೂತಿನ ಮುಂದೆ ಜನ ಗೊಣಗುತ್ತಲೇ ಎತ್ತರದ ಪ್ರಕಾರ ನಿಂತರು. ಆರಡಿ ಮೀರಿದ ಕೊಟ್ರೇಶ ಎಂಬ ಬಡಪಾಯಿ ದಿನವೂ ಕೊನೆಯವನಾಗಿ, ಅವನ ಸರದಿ ಬರುವಷ್ಟರಲ್ಲಿ ಹಾಲು ಮುಗಿದು, ನಾಲ್ಕು ತಿಂಗಳಿಂದ ಕರಿ ಟೀ ಕುಡಿಯುತ್ತಿದ್ದ. ಇದನ್ನು ಮಾಡಿದವರು ಯಾರು ಎಂದು ಕೇಳಿದರೆ, "ಸಭೇಲಿ ಪಾಸಾಗೈತಂತೆ" ಎನ್ನುವರು. ಸಭೆ ಅಂದರೆ ಯಾರು ಎಂದು ಯಾರೂ ಕೇಳಲಿಲ್ಲ. ತಮ್ಮೊಬ್ಬರನ್ನು ಬಿಟ್ಟು ಊರಿಗೆಲ್ಲ ಇದು ಬೇಕಾಗಿದೆ ಎಂದು ಪ್ರತಿಯೊಬ್ಬರೂ ನಂಬಿದ್ದರು.

ಹಾಲೇಶಪ್ಪನವರ ದಿನ ಮುಗಿಯುತ್ತಿದ್ದದ್ದು ದಾದಾಪೀರನ ಭಟ್ಟಿಯ ಮುಂದಿನ ಕಟ್ಟೆಯ ಮೇಲೆ. ಇಬ್ಬರೂ ಒಂದನೇ ಕ್ಲಾಸಿನಿಂದ ಜೊತೆ. ದಾದಾಪೀರನದು ಮಂಡಕ್ಕಿ ಭಟ್ಟಿ. ದೊಡ್ಡ ಒಲೆ, ಅದರ ಮೇಲೆ ಕಾದ ಮರಳು, ಮರಳಿಗೆ ಬಿದ್ದ ಅಕ್ಕಿ ಒಂದೇ ಉಸಿರಿಗೆ ಅರಳಿ ಮೇಲೇಳುತ್ತದೆ. ಅವನ ಮುತ್ತಜ್ಜನ ಕಾಲದ ಕೆಲಸ. ಸಂಜೆ ಬಿಸಿ ಮಂಡಕ್ಕಿಗೆ ಖಾರ ಹಚ್ಚಿ, ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ ಇಟ್ಟುಕೊಂಡು ಇಬ್ಬರೂ ಜಗತ್ತನ್ನೆಲ್ಲ ಬೈದು ನಕ್ಕರೆ ಹಾಲೇಶಪ್ಪನವರಿಗೆ ನಿದ್ದೆ ಚೆನ್ನಾಗಿ ಬರುತ್ತಿತ್ತು.

ಆ ಸಭೆಯಾದ ಕೆಲವು ವಾರಕ್ಕೆ ಒಂದು ಸಂಜೆ ಕಟ್ಟೆಯ ಮೇಲೆ ಬಜ್ಜಿ ಇರಲಿಲ್ಲ. ದಾದಾಪೀರ ಒಬ್ಬನೇ ಕೂತು ಒಂದು ನೋಟೀಸನ್ನು ನೋಡುತ್ತಿದ್ದ.

"ಊರಾಗಿನ ಭಟ್ಟಿ ಎಲ್ಲಾ ತೆಗೀಬೇಕಂತೆ" ಎಂದ. "ಹೊಗಿ ಆಗ್ತೈತಂತೆ. ಹೋದ ಸಭೆಯಾಗೆ ಒಪ್ಪಿಗೆ ಆತು. ಈ ಶನಿವಾರದ ಸಭೆಯಾಗೆ ಇನ್ನೊಂದ್ಸಲ ಕೈ ಎತ್ತಿದ್ರೆ ಮುಗೀತು, ಸೋಮವಾರ ಬಂದು ಕೆಡವ್ತಾರೆ."

"ಯಾವನಲೇ ಅವನು, ಭಟ್ಟಿ ತೆಗೀಬೇಕು ಅಂದೋನು?"

"ಯಾವನೋ ಒಬ್ಬ ಆಗಿದ್ರೆ ಹೋಗಿ ಜಗಳ ಆಡ್ತಿದ್ದೆ ಹಾಲೇಶ. ಊರಿಗೂರೇ ಕೈ ಎತ್ತೈತೆ. ನಾಲ್ಕು ಸಾವಿರ ಜನದಾಗೆ ಬ್ಯಾಡ ಅಂದೋನು ಒಬ್ಬನೂ ಇಲ್ಲ." ಅವನು ನೋಟೀಸನ್ನು ಮಡಿಸಿ ಜೇಬಿಗೆ ಹಾಕಿಕೊಂಡ. "ಇಷ್ಟು ಜನಕ್ಕೆ ಬ್ಯಾಡಾಗಿದೀನಿ ಅಂತ ನಂಗೆ ಗೊತ್ತೇ ಇರ್ಲಿಲ್ಲ ನೋಡು. ದಿನಾ ಮಂಡಕ್ಕಿ ತಗೊಂಡ್ ಹೋಗ್ತಾರೆ, ನಕ್ಕೊಂಡೇ ಮಾತಾಡ್ತಾರೆ."

ಭಟ್ಟಿ ಹೋಗುವುದಕ್ಕಿಂತ ಈ ಮಾತು ಹಾಲೇಶಪ್ಪನವರಿಗೆ ಹೆಚ್ಚು ನಾಟಿತು. ಮಾರನೆಯ ಬೆಳಿಗ್ಗೆ ಜುಬ್ಬ ಹಾಕಿಕೊಂಡು ನೇರ ಪುರಸಭೆಯ ಮಹಡಿ ಮೇಲಿದ್ದ ಧಾತ್ರಿಯ ಕಚೇರಿಗೆ ಹೋದರು.

ಧಾತ್ರಿ ಎದ್ದು ನಿಂತಳು. ಎಷ್ಟೇ ದೊಡ್ಡ ವಿಜ್ಞಾನಿಯಾದರೂ ಪೀಟಿ ಮೇಷ್ಟ್ರನ್ನು ಕಂಡರೆ ಎದ್ದು ನಿಲ್ಲುವುದು ಕಾಲಿಗೆ ಗೊತ್ತಿರುತ್ತದೆ.

"ನೀನು ನನ್ನ ಪೀರಿಯಡ್ಡಿಗೆ ಒಂದು ದಿನ ಬಂದೋಳಲ್ಲ" ಎಂದು ಹಾಲೇಶಪ್ಪ ಕುರ್ಚಿ ಎಳೆದು ಕೂತರು. "ನಿನ್ನ ಹೆಸರು ಕೂಗಿದ್ರೆ ಆ ಬಳ್ಳಾರಿ ಹುಡುಗಿ ಪ್ರೆಸೆಂಟ್ ಸರ್ ಅಂತಿದ್ಲು. ಆವಾಗ್ಲೇ ಗೊತ್ತಿತ್ತು ನೀನು ಇಂಥದ್ದೇನೋ ಮಾಡ್ತೀಯ ಅಂತ. ಈಗ ಹೇಳು, ದಾದಾಪೀರನ ಭಟ್ಟಿ ಮೇಲೆ ಕೈ ಎತ್ತಿದೋರು ಯಾರ್‍ಯಾರು?"

ಯಾರ ಹೆಸರನ್ನೂ ಹೇಳುವಂತಿಲ್ಲ ಎಂದು ಧಾತ್ರಿ ಮೊದಲು ಹಟ ಮಾಡಿದಳು. ಆಮೇಲೆ ಅವರ ಮುಖ ನೋಡಿ, ಪರದೆಯನ್ನು ತನ್ನ ಕಡೆಗೇ ತಿರುಗಿಸಿಕೊಂಡು ಲೆಕ್ಕ ಬಿಚ್ಚಿದಳು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

"ಸರ್, ಸಭೆಗೆ ಬರ್ತಾ ಇರೋದು ಒಂದೇ ಬದ್ಲಿ."

"ಮಿಕ್ಕಿದ್ದು?"

"ಮಿಕ್ಕಿದ್ದೆಲ್ಲ ತಮ್ಮ ಕೈನ ಅದರ ಹತ್ರ ಕೊಟ್ಟು ಕಳಿಸ್ತಾ ಇದಾವೆ. ಒಂದು ವರ್ಷದಿಂದ. ಆ ಒಂದು ಬದ್ಲಿ ನಿಮ್ಮದು ಸರ್."

ಹಾಲೇಶಪ್ಪನವರಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಧಾತ್ರಿ ಬಿಡಿಸಿ ಹೇಳಿದಳು. ಬದ್ಲಿಗಳು ಪ್ರತಿ ಮನೆಯಲ್ಲೂ ಕೂತು ಕೇಳಿದ್ದು ಏನನ್ನು? ಹೋಗಲೇಬೇಕಾದ, ಆದರೆ ಹೋಗಲು ಬೇಜಾರಾದ ಕಾರ್ಯಕ್ರಮ ಬಂದಾಗೆಲ್ಲ ಮನೆಯವರು ಆಡುತ್ತಿದ್ದ ಮಾತು ಒಂದೇ: ಹಾಲೇಶಪ್ಪ ಮೇಷ್ಟ್ರು ಹೋಗ್ತಾರೆ, ಅವರ ಕೈಯಾಗೆ ಕೊಟ್ಟುಬಿಡು. ಸಭೆಯೂ ಅಂಥದ್ದೇ ಒಂದು ಕಾರ್ಯಕ್ರಮ ಎಂದು ಬದ್ಲಿಗಳು ತಿಳಿದವು. ಮಾಲೀಕರಿಗೆ ಸಭೆ ಎಂದರೆ ಬೇಜಾರೆಂಬುದೂ ಅವಕ್ಕೆ ಗೊತ್ತಿತ್ತು. ನಕಲು ಎಂದರೆ ನಕಲು, ಅವಕ್ಕೂ ಬೇಜಾರಾಯಿತು. ಮುಯ್ಯಿ ಕವರಿನಂತೆ ಕೈಯನ್ನು ಹಾಲೇಶಪ್ಪನವರ ಬದ್ಲಿಯ ಹತ್ತಿರ ಕೊಟ್ಟವು. ಕವರಿನ ಮೇಲೆ ಹೆಸರು ಮಾತ್ರ ಇತ್ತು, ಒಳಗೆ ಏನೂ ಇರಲಿಲ್ಲ. ಹಾಗಾಗಿ ಅವರ ಬದ್ಲಿ ಎಲ್ಲದರೊಳಗೂ ತನ್ನ ಯಜಮಾನರ ಅಭಿಪ್ರಾಯವನ್ನೇ ತುಂಬಿ ಹಾಕಿತು.

"ಅಂದ್ರೆ ಹೋಳಿಗೆ..."

"ನಿಮ್ಮದೇ ಸರ್. ಮಧ್ಯಾಹ್ನದ ಮೈಕು, ಎತ್ತರದ ಸಾಲು, ಎಲ್ಲಾ ನೀವು ಮನ್ಯಾಗೆ ಗೊಣಗಿದ್ದೇ."

"ನಾನು ಭಟ್ಟಿ ತೆಗೀರಿ ಅಂತ ಯಾವಾಗ ಅಂದೆ?"

ಧಾತ್ರಿ ಪರದೆ ನೋಡಿ ಓದಿದಳು. "ಈ ದಾದಾಪೀರನ ಹೊಗಿಗೆ ನನ್ನ ಬಿಳೀ ಪಂಚೆ ಎಲ್ಲಾ ಮಸಿ ಆತು, ಎತ್ತಿ ಊರಾಚೆ ಒಗೀಬೇಕು ಇವನ ಭಟ್ಟೀನ. ಇದನ್ನ ದಿನಾ ಬೆಳಿಗ್ಗೆ ಅಂದಿದೀರಿ ಸರ್, ಭಾನುವಾರ ಎರಡು ಸಲ."

"ಅದು ಬೈಗುಳ ಅಲ್ಲಮ್ಮ. ಸ್ನೇಹಿತನ್ನ ಬೈದದ್ದು."

"ನೀವು ಮನ್ಯಾಗೆ ಬೈದದ್ದು ಅದು ಕೇಳೈತೆ. ಸಂಜೆ ಕಟ್ಟೆ ಮ್ಯಾಲೆ ಕುಂತು ನಕ್ಕಿದ್ದು ಅದಕ್ಕೆ ಕೇಳಿಲ್ಲ." ಧಾತ್ರಿ ಮೇಜಿನ ಮೇಲೆ ಬೆರಳಾಡಿಸಿದಳು. ಪ್ರಶಸ್ತಿಯ ಫಲಕ ಅಲ್ಲೇ ಪಕ್ಕದಲ್ಲಿತ್ತು, ಅದನ್ನು ಮೆಲ್ಲಗೆ ಬೋರಲು ಹಾಕಿದಳು. "ನಾನೇನು ಹೊಸದು ಕಂಡುಹಿಡ್ದೆ ಅಂತ ಬೀಗ್ತಾ ಇದ್ದೆ ಸರ್. ನಮ್ಮಪ್ಪನ ಕಾಲದೋರು ಯಂತ್ರ ಇಲ್ದೇನೇ ಇದನ್ನ ಮಾಡ್ತಿದ್ರು. ಓಟಿನ ದಿನ ರಜಾ ಅಂತ ಜೋಗಕ್ಕೆ ಟೂರು, ಬಂದ ಮೇಲೆ ಯಾರೋ ಗೆದ್ರಂತೆ ಅಂತ ಮಾತು. ನಾನು ಅದಕ್ಕೊಂದು ಡಬ್ಬಿ ಮಾಡಿದೆ, ಅಷ್ಟೇ."

ಮನೆಗೆ ಬಂದವರೇ ಹಾಲೇಶಪ್ಪ ಬದ್ಲಿಯ ಮುಂದೆ ಬೆನ್ನು ನೆಟ್ಟಗೆ ಮಾಡಿ ನಿಂತು, ಇಡೀ ಮೈದಾನಕ್ಕೆ ಕೇಳುವ ದನಿಯಲ್ಲಿ, "ದಾದಾಪೀರನ ಭಟ್ಟಿ ಅಂದ್ರೆ ನನಗೆ ಪ್ರಾಣ. ಅದು ಈ ಊರಿಗೆ ಭೂಷಣ" ಎಂದರು. ಶೈಲಾ ಅಡುಗೆಮನೆಯಿಂದ ಇಣುಕಿ ನೋಡಿ, ಗಂಡನಿಗೆ ಬಿಸಿಲು ಹತ್ತಿತೆಂದು ಮಜ್ಜಿಗೆ ತರಲು ಹೋದರು. ಅಷ್ಟರಲ್ಲಿ ಕಿಟಕಿಯಿಂದ, ಭಟ್ಟಿಯಲ್ಲಿ ಉರಿಸುವ ಹೊಟ್ಟಿನ ಹೊಗೆ ಗುಪ್ಪನೆ ನುಗ್ಗಿತು. ಹಾಲೇಶಪ್ಪ ಕೆಮ್ಮಿ, ಕಣ್ಣೊರೆಸಿಕೊಂಡು, "ಥೂ, ಇವನ ಭಟ್ಟಿಗಿಷ್ಟು ಬೆಂಕಿ ಬೀಳ" ಎಂದರು.

"ಎರಡೂ ಕೇಳಿಸ್ಕೊಂಡೆ" ಎಂದಿತು ಬದ್ಲಿ ಅವರದೇ ದನಿಯಲ್ಲಿ. "ಎರಡನೇದು ನಿಜ ಅಂತ ಗುರುತು ಹಾಕ್ಕೊಂಡೆ."

ಸಂಜೆ ಕಟ್ಟೆಯ ಮೇಲೆ ಅವರು ಎಲ್ಲವನ್ನೂ ಹೇಳಿದರು. ದಾದಾಪೀರ ಮಂಡಕ್ಕಿ ಜಾಲಿಸುತ್ತಿದ್ದ ಜರಡಿಯನ್ನು ಕೆಳಗಿಟ್ಟ.

"ಅಂದ್ರೆ ನನ್ನ ಭಟ್ಟಿ ಕೀಳ್ಸಿದೋನು ನೀನಾ?"

"ನಾನಲ್ಲ, ನನ್ನ ಡಬ್ಬಿ."

"ಎರಡೂ ಒಂದೇ ದನಿಯಾಗೆ ಮಾತಾಡ್ತೀರಿ." ದಾದಾಪೀರ ನಕ್ಕುಬಿಟ್ಟ. ಊರಿಗೆಲ್ಲ ಬೇಡವಾಗಿಲ್ಲ ಎಂದು ತಿಳಿದದ್ದರಿಂದ ಬಂದ ನಗು ಅದು. "ಹಂಗಾದ್ರೆ ಸಸಾರ ಆತಲ್ಲ. ನೀನೇ ಖುದ್ದಾಗಿ ಸಭೆಗೆ ಹೋದ್ರೆ ಡಬ್ಬಿ ಬಾಯಿ ಮುಚ್ಕೊಳ್ತೈತೆ, ಅದರ ಹತ್ರ ಇರೋ ಕೈ ಎಲ್ಲಾ ನಿಂಗೆ ಬರ್ತಾವೆ. ಶನಿವಾರ ಹೋಗು, ಬ್ಯಾಡ ಅಂತ ಒಂದ್ಸಲ ಕೈ ಎತ್ತು. ನಾಲ್ಕು ಸಾವಿರ ಕೈ. ನಾನು ಉಳ್ಕೊಂಡೆ."

ಹಾಲೇಶಪ್ಪ ಹೂಂ ಎನ್ನಲು ಬಾಯಿ ತೆರೆದರು, ಅಷ್ಟರಲ್ಲಿ ಕೈ ತಾನಾಗಿ ಜುಬ್ಬದ ಜೇಬಿಗೆ ಹೋಯಿತು. ನಾಳಿನ ಸೀಮಂತದ ಕವರುಗಳು ಅಲ್ಲಿದ್ದವು.

"ಅವು ನನ್ನ ಕವರಲ್ಲ ಲೇ. ಬೇರೇರ ಕವರ್ ಬಿಚ್ಚಿ ನಾನು ನನ್ನ ಹೆಸರು ಹಾಕೋದು ಹೆಂಗೆ?"

ದಾದಾಪೀರನ ನಗು ಇಳಿಯಿತು. "ಕೀಳ್ಸೋವಾಗ ನಿನ್ನವು. ಉಳ್ಸೋವಾಗ ಬೇರೇರವಾ?"

ಹಾಲೇಶಪ್ಪ ಮಂಡಕ್ಕಿ ತಿನ್ನದೆ ಎದ್ದು ಬಂದರು. ಗೆಳೆಯನನ್ನು ಕಳೆದುಕೊಳ್ಳುವ ಹೆದರಿಕೆ ಅವರಿಗೆ ಆ ವಯಸ್ಸಿನಲ್ಲಿ ಮೊದಲ ಸಲ ಆಯಿತು.

ಶನಿವಾರಕ್ಕೆ ಇನ್ನೂ ದಿನಗಳಿದ್ದವು. ಹಾಲೇಶಪ್ಪ ಹಳೆಯ ಸೀಟಿಯನ್ನು ಕೊರಳಿಗೆ ಹಾಕಿಕೊಂಡು ಮನೆಮನೆ ಹತ್ತಿದರು. "ನಿಮ್ಮ ಕೈ ನನ್ನ ಹತ್ರ ಐತೆ, ವಾಪಸ್ ತ‌ಗೊಳ್ರಿ. ಶನಿವಾರ ಖುದ್ದಾಗಿ ಬಂದು ಎತ್ರಿ. ಭಟ್ಟಿ ಬೇಕು ಅಂತಾದ್ರೂ ಎತ್ರಿ, ಬ್ಯಾಡ ಅಂತಾದ್ರೂ ಎತ್ರಿ." ಪ್ರತಿ ಮನೆಯಲ್ಲೂ ಕುರ್ಚಿ ಹಾಕಿದರು, ಕಾಫಿ ಕೊಟ್ಟರು. "ನಿಮ್ಮ ಹತ್ರ ಇದ್ರೆ ನಮ್ಮ ಹತ್ರ ಇದ್ದಂಗೇ ಸರ್" ಎಂದು ಒಬ್ಬರು ಗೌರವದಿಂದ ಹೇಳಿದರು. ಶನಿವಾರ ಮಗಳ ಕಡೆಯವರು ಬರುತ್ತಾರೆ ಎಂದರು ಇನ್ನೊಬ್ಬರು. ಪಕ್ಕದ ಮನೆಯ ಚೇತನ್ ಎಂಬ ನಿವೃತ್ತ ಗುಮಾಸ್ತರು ಎಲ್ಲವನ್ನೂ ಕಣ್ಣರಳಿಸಿ ಕೇಳಿ, "ಎಂಥಾ ಅನ್ಯಾಯ ಸರ್, ಇದನ್ನ ಬಿಡಬಾರದು, ಯಾರಾದ್ರೂ ಹೋಗಿ ಕೇಳ್ಬೇಕು" ಎಂದು ತಮ್ಮ ತೊಡೆ ತಟ್ಟಿಕೊಂಡರು. ಬರುತ್ತೀರಾ ಎಂದಾಗ ಮಂಡಿನೋವಿನ ಮಾತೆತ್ತಿದರು. ಕಾಫಿ ಕುಡಿದು ಕುಡಿದು ಮೇಷ್ಟ್ರಿಗೆ ಎದೆಯುರಿ ಹತ್ತಿತು. ಇವರೆಲ್ಲರೂ ಒಳ್ಳೆಯವರೇ, ಅದೇ ಕಷ್ಟ ಎಂದು ಶೈಲಾ ಅವರ ಮುಂದೆ ಹೇಳಿಕೊಂಡರು.

ಶನಿವಾರ ಸಂಜೆ ಸಭಾಂಗಣದಲ್ಲಿ ಇಪ್ಪತ್ತಮೂರು ಜನ ಸೇರಿದರು. ರೇಣುಕಮ್ಮ ಬಾಗಿಲಲ್ಲೇ ನಿಂತು, ಯಾವುದಾದರೂ ಧರಣಿಯೇ ಎಂದು ವಿಚಾರಿಸಿದರು. ಜವಾನ ಓಡಿಹೋಗಿ ಕುರ್ಚಿಗಳ ಧೂಳು ಒರೆಸಿದ. ಹಿಂದಿನ ಸಾಲಿನಲ್ಲಿ ಕೊಟ್ರೇಶ ಮೊಣಕಾಲು ಮಡಿಸಿಕೊಂಡು ಕೂತಿದ್ದ, ಅವನು ಬಂದದ್ದು ಹಾಲಿನ ಸಾಲಿನ ವಿಷಯ ಕೇಳಲು. ದಾದಾಪೀರ ಹಾಲೇಶಪ್ಪನವರಿಂದ ದೂರ, ಇನ್ನೊಂದು ಮೂಲೆಯಲ್ಲಿ ಕೂತ.

ಭಟ್ಟಿಯ ವಿಷಯ ಬಂದ ಕೂಡಲೇ ಎದ್ದು ನಿಂತವಳು ಲಿಖಿತಾ ಎಂಬ ಹೆಂಗಸು. ಭಟ್ಟಿಯ ಹಿಂದಿನ ಮನೆಯವಳು. "ನನ್ನ ಮಗೀಗೆ ಎರಡು ವರ್ಷದಿಂದ ಕೆಮ್ಮು. ರಾತ್ರಿ ಕಿಟಕಿ ತೆಗೆಯಂಗಿಲ್ಲ. ನನಗೆ ಭಟ್ಟಿ ಬ್ಯಾಡ" ಎಂದಳು.

ದಾದಾಪೀರ ನಿಧಾನವಾಗಿ ಎದ್ದ. "ಅಲ್ಲಮ್ಮ, ದಿನಾ ನನ್ನ ಮುಂದೆನೇ ಓಡಾಡ್ತೀಯ. ಒಂದ್ಸಲನಾದ್ರೂ ನಂಗೆ ಹೇಳ್ಬೇಕಿತ್ತಲ್ಲ?"

"ಹೇಳೋಕೆ ಸಭೆ ಐತಲ್ಲ, ಬದ್ಲಿ ಹೋಗಿ ಹೇಳ್ತೈತೆ ಅಂತ ಸುಮ್ಕಿದ್ದೆ ಕಾಕಾ."

ಆಮೇಲೆ ನಡೆದದ್ದು ಜಗಳ. ಆದರೆ ಅದು ಮನುಷ್ಯರ ಜಗಳವಾಗಿತ್ತು, ಒಬ್ಬರು ಅಂದದ್ದು ಇನ್ನೊಬ್ಬರ ಕಿವಿಗೆ ಬೀಳುತ್ತಿತ್ತು. ಚಿಮಣಿ ಎರಡಾಳು ಎತ್ತರ ಮಾಡಿದರೆ ಹೇಗೆ ಎಂದು ಯಾರೋ ಕೇಳಿದರು. ಕತ್ತಲಾದ ಮೇಲೆ ಒಲೆ ಹಚ್ಚುವುದಿಲ್ಲ ಎಂದು ದಾದಾಪೀರ ಮಾತು ಕೊಟ್ಟ. ಅಷ್ಟಕ್ಕೆ ಒಪ್ಪದವರೂ ಇದ್ದರು, ಲಿಖಿತಾ ಕೂಡ. ಕೊನೆಗೆ ಅಧ್ಯಕ್ಷೆ ಕೈ ಎತ್ತಲು ಹೇಳಿದರು: ಈ ಎರಡು ಷರತ್ತಿನ ಮೇಲೆ ಭಟ್ಟಿ ಇರಲಿ ಎನ್ನುವವರು ಎಷ್ಟು, ಬೇಡ ಎನ್ನುವವರು ಎಷ್ಟು.

ಇರಲಿ ಎಂದವರು ಹನ್ನೊಂದು. ಬೇಡ ಎಂದವರು ಹನ್ನೊಂದು.

ಫಲಕದ ಮೇಲೆ ಹಾಲೇಶಪ್ಪನವರ ಹೆಸರಿನ ಎದುರು ಕೆಂಪು ಅಕ್ಷರ ಮಿನುಗತೊಡಗಿತು: ಇನ್ನೂ ನಾಲ್ಕು ಸಾವಿರ ಕೈ ಬಾಕಿ. ರೇಣುಕಮ್ಮ ಕನ್ನಡಕದ ಮೇಲಿಂದ ನೋಡಿದರು. "ಮೇಷ್ಟ್ರೇ, ನಿಮ್ಮದು ಎಷ್ಟು ಅಂತ ಬರ್ಕೊಳ್ಳಿ?"

ದಾದಾಪೀರ ಅವರನ್ನೇ ನೋಡುತ್ತಿದ್ದ. ಅವನ ಕಣ್ಣಲ್ಲಿ ಕೋಪವಿರಲಿಲ್ಲ, ಕೇಳಿಕೆ ಇತ್ತು. ಅದು ಕೋಪಕ್ಕಿಂತ ಕಷ್ಟ. ಇರಲಿ ಎಂದು ಎತ್ತಿದ ಹಾಲೇಶಪ್ಪನವರ ಬಲಗೈ ಇನ್ನೂ ಮೇಲೆಯೇ ಇತ್ತು. ಎಡಗೈಯೂ ಏಳುವಂತಾದಾಗ ಅದನ್ನು ತೊಡೆಯ ಕೆಳಗೆ ಸೇರಿಸಿ ಅದರ ಮೇಲೆ ಭಾರ ಬಿಟ್ಟು ಕೂತರು.

"ಒಂದು" ಎಂದರು. "ನನ್ನದು ಒಂದೇ. ಅದನ್ನ ಆಗ್ಲೇ ಎತ್ತೀನಿ."

"ಹಂಗಾದ್ರೆ ಸಮ ಆತು. ಯಾರಾದ್ರೂ ಕೈ ಎತ್ತದೋರು ಇದೀರಾ?"

ಹಿಂದಿನ ಸಾಲಿನಿಂದ ಕೊಟ್ರೇಶ ಕೇಳಿದ, "ಮೇಡಂ, ಹಾಲಿನ ವಿಷಯ ಯಾವಾಗ ತಗೋತೀರಿ?"

"ಮೊದ್ಲು ಇದಕ್ಕೆ ಹೇಳಪ್ಪ."

"ಭಟ್ಟಿ ತೆಗೆದ್ರೆ ಮಂಡಕ್ಕಿ ಎಲ್ಲಿಂದ ತರಿಸ್ತೀರಿ?"

"ಬ್ಯಾರೆ ಊರಿಂದ ಬರುತ್ತೆ."

ಕೊಟ್ರೇಶ ಯೋಚಿಸಿದ. "ಬರೋ ಹೊತ್ತಿಗೆ ಮೆತ್ತಗಾಗಿರುತ್ತೆ. ಭಟ್ಟಿ ಇರ್ಲಿ ಬಿಡ್ರಿ" ಎಂದು ಕೈ ಎತ್ತಿದ. ಆ ಕೈ ಫ್ಯಾನಿಗೆ ತಾಗುತ್ತದೆಂದು ಜವಾನ ಓಡಿಹೋಗಿ ಸ್ವಿಚ್ಚು ಆರಿಸಿದ.

ಹನ್ನೆರಡಕ್ಕೆ ಹನ್ನೊಂದು. ದಾದಾಪೀರ ತಲೆಯ ಮೇಲಿನ ಟೋಪಿ ತೆಗೆದು ಮುಖ ಒರೆಸಿಕೊಂಡ, ಬಹಳ ಹೊತ್ತು ಒರೆಸಿಕೊಂಡ. ಆಮೇಲೆ ಎದ್ದು ಬಂದು ಹಾಲೇಶಪ್ಪನವರ ಪಕ್ಕದ ಕುರ್ಚಿಯಲ್ಲಿ ಕೂತು, "ಕೈ ತೆಗಿಯೋ, ಜೋಮು ಹಿಡೀತೈತೆ" ಎಂದ. ಹಾಲೇಶಪ್ಪನವರಿಗೆ ಅಷ್ಟು ಸಂತೋಷ ಯಾವ ಮದುವೆಯಲ್ಲೂ ಆಗಿರಲಿಲ್ಲ.

ಉಳಿದದ್ದು ಸಾಲಿನ ವಿಷಯ. ಹಾಲೇಶಪ್ಪ ಎದ್ದು ನಿಂತು, ಆ ನಿಯಮಗಳೆಲ್ಲ ತಮ್ಮ ಗೊಣಗಾಟದಿಂದ ಹುಟ್ಟಿದವೆಂದು ಒಪ್ಪಿಕೊಂಡರು. ಕೊಟ್ರೇಶ ಅವರನ್ನು ಮೇಲಿನಿಂದ ಕೆಳಗೆ ನೋಡಿದ. "ನಾಲ್ಕು ತಿಂಗಳಿಂದ ನನಗೆ ಕರಿ ಟೀ ಕುಡಿಸಿದ್ದು ನೀವಾ ಸರ್?" ಎಂದ. ಇಪ್ಪತ್ತಮೂರು ಕೈಗಳೂ ಎದ್ದು ಎತ್ತರದ ಸಾಲು ರದ್ದಾಯಿತು, ಮಧ್ಯಾಹ್ನದ ಮೈಕೂ ಬಿಡುಗಡೆಯಾಯಿತು. ಹೋಳಿಗೆಯ ನಿಯಮ ಬಂದಾಗ ಮಾತ್ರ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅದೊಂದು ಇರ್ಲಿ ಬಿಡ್ರಿ" ಎಂದಳು ಲಿಖಿತಾ.

ಧಾತ್ರಿ ಬದ್ಲಿಗಳ ಕೈ ಕಿತ್ತುಹಾಕಿದಳು. ಈಗ ಅವು ಸಭೆಯ ದಿನ ಬೆಳಿಗ್ಗೆ ಮನೆಯವರ ದನಿಯಲ್ಲೇ "ಇವತ್ತು ಸಭೆ ಐತೆ, ಏಳ್ರಿ" ಎಂದು ಕೂಗುತ್ತವೆ, ಅಷ್ಟೇ. ಅನೇಕ ಮನೆಗಳಲ್ಲಿ ಅವುಗಳ ಮೇಲೆ ಟವಲು ಹೊದಿಸಿದ್ದಾರೆಂದು ಸುದ್ದಿ.

ಭಾನುವಾರ ಬೆಳಿಗ್ಗೆ ಚೇತನ್ ಕಾಂಪೌಂಡಿನ ಮೇಲಿಂದ ಇಣುಕಿದರು. "ಸರ್, ಸಭೆ ಭಾರೀ ಚೆನ್ನಾಗಾತಂತೆ. ನಾನು ಅಂದಿರ್ಲಿಲ್ವಾ, ಯಾರಾದ್ರೂ ಹೋಗಿ ಕೇಳ್ಬೇಕು ಅಂತ." ಒಂದು ಮದುವೆ ಕವರು ಚಾಚಿದರು. "ಇವತ್ತು ಸಿದ್ಧಲಿಂಗಣ್ಣನ ಮಗನ ಮದ್ವಿಗೆ ಹೋಗ್ತೀರಲ್ಲ, ನಮ್ಮದೂ ಒಂದು ಹಾಕ್ಬಿಡ್ರಿ. ಮುಂದಿನ ಸಭೆಗೂ ಹೆಂಗೂ ನೀವು ಹೋಗೇ ಹೋಗ್ತೀರಿ..."

ಹಾಲೇಶಪ್ಪ ಕವರನ್ನು ಇಸಿದುಕೊಂಡು ಜೇಬಿಗೆ ಹಾಕಿಕೊಂಡರು. ಅದೇ ಜೇಬಿನಿಂದ ಸೀಟಿ ತೆಗೆದು ಜೋರಾಗಿ ಊದಿದರು. ಅವರ ಹಳೆಯ ಶಿಷ್ಯನಾದ ಚೇತನ್ ಅರವತ್ತು ದಾಟಿದ ಮಂಡಿನೋವನ್ನು ಮರೆತು ಎರಡೂ ಹಿಮ್ಮಡಿ ಕೂಡಿಸಿ ನೆಟ್ಟಗೆ ನಿಂತರು.

"ಮದ್ವಿಗೆ ಒಯ್ತೀನಿ" ಎಂದರು ಮೇಷ್ಟ್ರು. "ಸಭೆ ಬರೋ ತಿಂಗಳು ಮೊದಲನೇ ಶನಿವಾರ, ಆರು ಗಂಟೆಗೆ. ತಡ ಆದ್ರೆ ಗ್ರೌಂಡು ಎರಡು ಸುತ್ತು."

ಇದೆಲ್ಲ ನಡೆಯುವುದಕ್ಕೆ ಇನ್ನೂ ಮೂವತ್ತು ಚಿಲ್ಲರೆ ವರ್ಷಗಳಿವೆ. ಧಾತ್ರಿ ಈಗಷ್ಟೇ ಒಂದನೇ ಕ್ಲಾಸಿಗೆ ಹೋಗುತ್ತಿದ್ದಾಳೆ, ಹಾಲೇಶಪ್ಪನವರ ಕೂದಲು ಕಪ್ಪಗಿದೆ, ಬದ್ಲಿ ಹುಟ್ಟಿಲ್ಲ. ನಮ್ಮ ವಾರ್ಡಿನ ಸಭೆ ಮಾತ್ರ ಕಳೆದ ತಿಂಗಳೂ ನಡೆಯಿತಂತೆ. ಏನೋ ತೀರ್ಮಾನವೂ ಆಯಿತಂತೆ. ಯಾರೋ ಹೋಗಿದ್ದರಂತೆ.